ನಾಲ್ಕೈದು ಕಾಂಪೊನೆಂಟ್ ಇರೋ ಪ್ರಾಜೆಕ್ಟಲ್ಲಿ ಎಲ್ಲದಕ್ಕೂ ಒಂದೇ ವರ್ಷನ್ ನಂಬರ್ ಇಡ್ಬೇಕಾ, ಬೇರೆ ಬೇರೆನಾ?

ಸರ್ವರ್, ವೆಬ್, ಮೊಬೈಲ್ ಆ್ಯಪ್, ಮೂರೂ ಬಳಸೋ ಒಂದು ಲೈಬ್ರರಿ (ಹಂಚ್ಕೊಂಡಿರೋ ಕೋಡ್) ಇದೆ ಅಂದ್ಕೊಳ್ಳಿ, ಇದ್ರಲ್ಲಿ ಯಾವ್ಯಾವುದು ಯಾವಾಗ್ಲೂ ಒಟ್ಟಿಗೇ ರಿಲೀಸ್ ಆಗತ್ತೆ ಅಂತ ಮೊದ್ಲು ನೋಡಿ. ಸರ್ವರ್ರೂ ವೆಬ್ಬೂ ಜೊತೇಲೇ ಡಿಪ್ಲಾಯ್ ಆಗೋದಾದ್ರೆ (ಅಂದ್ರೆ ಬಳಕೆಗೆ ಬರೋದಾದ್ರೆ) ಎರಡಕ್ಕೂ ಒಂದೇ ನಂಬರ್ ಕೊಟ್ಬಿಡಿ, ಬೇರೆ ಇಟ್ರೆ ಸುಮ್ನೆ ತಲೆನೋವು. ವೆಬ್ ಆ್ಯಪ್ ಕಟ್ಟೋ ಫ್ರೇಮ್‌ವರ್ಕ್ ಆಂಗ್ಯುಲರ್‌ನಲ್ಲಿ 2 ಆದ್ಮೇಲೆ 2017ರಲ್ಲಿ ಸೀದಾ 4 ಬಂತಲ್ಲ, ಅದು ಇದೇ ಗೋಳು: ಅದರದ್ದೇ ಒಂದು ಭಾಗವಾದ ರೌಟರ್ ಪ್ಯಾಕೇಜ್ (ಪೇಜಿಂದ ಪೇಜಿಗೆ ಕರ್ಕೊಂಡು ಹೋಗೋದು) ಮಾತ್ರ ಆಗ್ಲೇ 3ಕ್ಕೆ ಹೋಗಿತ್ತು, ಮಿಕ್ಕಿದ್ದೆಲ್ಲ 2ರಲ್ಲಿತ್ತು, ಎಲ್ಲಾನೂ ಸರಿದೂಗಿಸೋಕೆ 3 ಅನ್ನೋದನ್ನೇ ಹಾರಿಸಿದ್ರು.

ಲೈಬ್ರರಿಗೆ ಮಾತ್ರ ಅದರದ್ದೇ ನಂಬರ್ ಇರ್ಲಿ, ಸೆಮ್‌ವರ್ (ಮೇಜರ್.ಮೈನರ್.ಪ್ಯಾಚ್ ಅಂತ ಮೂರು ಅಂಕಿಯಲ್ಲಿ ವರ್ಷನ್ ಕೊಡೋ ನಿಯಮ) ಪ್ರಕಾರ. ಬಳಸೋರ ಕೋಡ್ ಮುರಿಯೋ ಬದಲಾವಣೆ ಆದ್ರೆ ಮೇಜರ್, ಹೊಸ ಫೀಚರ್‌ಗೆ ಮೈನರ್, ಬಗ್ ಫಿಕ್ಸ್‌ಗೆ ಪ್ಯಾಚ್. 1.9.0 ಪಬ್ಲಿಷ್ ಆದ್ಮೇಲೆ ತಪ್ಪು ಸಿಕ್ರೆ 1.9.1 ಬಿಡಿ, ಅದೇ ನಂಬರಿನ ಒಳಗೆ ಬೇರೆ ಕೋಡ್ ತುರುಕ್ಬೇಡಿ, ಒಬ್ಬರ ಮಷೀನಲ್ಲಿ ಓಡಿ ಇನ್ನೊಬ್ಬರದ್ರಲ್ಲಿ ಓಡಲ್ಲ ಅಂತ ದಿನವಿಡೀ ಹುಡುಕ್ತಾ ಕೂರ್ತೀರ.

ಇನ್ನು ಎಲ್ಲಾ ಸೇರಿ ಒಂದು ರಿಲೀಸ್ ಅಂದ್ರೆ ಏನು ಅನ್ನೋದಕ್ಕೆ ರೆಪೋದಲ್ಲಿ (ಕೋಡ್ ಇಡೋ ಜಾಗ) ಒಂದು ಚಿಕ್ಕ ಫೈಲ್ ಇಡಿ:

ರಿಲೀಸ್ 2025.06
ಸರ್ವರ್ 3.4.1
ವೆಬ್ 3.4.1
ಆ್ಯಪ್ 2.8.0
ಲೈಬ್ರರಿ 1.9.1

ಟೆಸ್ಟ್ ಮಾಡಿದ್ದು ಈ ಜೋಡಣೆನ ಮಾತ್ರ, ಪ್ರೊಡಕ್ಷನ್‌ಗೆ (ಜನ ನಿಜವಾಗಿ ಬಳಸೋ ಕಡೆಗೆ) ಹೋಗೋದೂ ಇದೇ, ಅದೂ ಟೆಸ್ಟ್ ಆದ ಬಿಲ್ಡೇ ಹೋಗ್ಬೇಕು, ಮತ್ತೆ ಬಿಲ್ಡ್ ಮಾಡೋ ಹಾಗಿಲ್ಲ. ಸಪೋರ್ಟಿನವರು 2025.06ರಲ್ಲಿ ತೊಂದ್ರೆ ಅಂದ್ರೆ ಫೈಲ್ ತೆಗೆದು ನೋಡಿದ್ರಾಯ್ತು, ಯಾವ ಗಿಟ್ ಟ್ಯಾಗ್ (ಕೋಡಿನ ಇತಿಹಾಸದಲ್ಲಿ ಆ ವರ್ಷನ್‌ಗೆ ಹಾಕಿದ ಗುರುತು) ಅಂತ ತಕ್ಷಣ ಗೊತ್ತಾಗತ್ತೆ (ಟ್ಯಾಗಲ್ಲಿ ಕಾಂಪೊನೆಂಟ್ ಹೆಸರೂ ಇರ್ಲಿ, ಬರೀ 3.4.1 ಅಂದ್ರೆ ಯಾರದ್ದು?). ಸರ್ವರ್ ಸ್ಟಾರ್ಟ್ ಆಗುವಾಗ ಲಾಗಲ್ಲಿ ವರ್ಷನ್ ಪ್ರಿಂಟ್ ಆಗೋ ಹಾಗೂ ಮಾಡಿ.

ಕಷ್ಟ ಇರೋದು ಮೊಬೈಲ್ ಆ್ಯಪಿಂದ, ಜನ ಅಪ್‌ಡೇಟೇ ಮಾಡಲ್ಲ, ಹಾಗಾಗಿ ಹಳೇ ಆ್ಯಪ್ ಹೊಸ ಸರ್ವರ್ ಹತ್ರ ಮಾತಾಡ್ತಾನೇ ಇರತ್ತೆ. ಎಷ್ಟು ಹಳೇದನ್ನ ತಡ್ಕೊಳ್ತೀವಿ ಅಂತ ಬರೆದಿಡಿ. ಹಲವು ಮಷೀನಲ್ಲಿ ಸಾಫ್ಟ್‌ವೇರ್ ಓಡಿಸೋ ಕುಬರ್ನೆಟಿಸ್‌ನವರು 1.28ರಿಂದ ಈಚೆಗೆ ಕುಬ್‌ಲೆಟ್ (ಪ್ರತಿ ಮಷೀನಲ್ಲೂ ಓಡೋ ಪ್ರೋಗ್ರಾಂ) ಎಪಿಐ ಸರ್ವರಿಗಿಂತ (ಎಲ್ಲರೂ ಮಾತಾಡೋ ಕೇಂದ್ರ ಸರ್ವರ್) 3 ಮೈನರ್ ವರ್ಷನ್‌ವರೆಗೆ ಹಳೇದಿರಬಹುದು, ಹೊಸದಂತೂ ಇರ್ಲೇಬಾರದು ಅಂತ ಖಡಾಖಂಡಿತ ಹೇಳಿದ್ದಾರೆ. ಇಂಥದ್ದೊಂದು ಸಾಲು ನಿಮ್ಮ ಡಾಕ್ಯುಮೆಂಟಲ್ಲೂ ಇದ್ರೆ ಡಿಪ್ಲಾಯ್ ಆರ್ಡರ್ ತಾನಾಗೇ ಬಗೆಹರಿಯತ್ತೆ, ಸರ್ವರ್ ಮೊದ್ಲು, ಆ್ಯಪ್ ಆಮೇಲೆ.