ಅಪಘಾತವಾಗಿ ಎರಡು ತಿಂಗಳಾದರೂ ತಮ್ಮನಿಗೆ ನಿದ್ದೆಯಿಲ್ಲ: ಪ್ರತಿಕ್ರಿಯೆ

ಮದ್ದೂರಿನ ಹತ್ತಿರ ಬೈಕಿನಿಂದ ಬಿದ್ದ ನಿಮ್ಮ ತಮ್ಮ ಕಾಲಿನ ಮೂಳೆ ಕೂಡಿದ ಮೇಲೂ ನಿದ್ದೆ ಮಾಡದಿರುವುದು, ಹಾರನ್ನಿಗೆ ಬೆಚ್ಚುವುದು, ಗಾಡಿ ಮುಟ್ಟದಿರುವುದು ಸೋಮಾರಿತನ ಅಲ್ಲವೇ ಅಲ್ಲ. ಬಹುಶಃ ಅಪಘಾತದ ಆಘಾತ ಮನಸ್ಸಿನಲ್ಲಿ ಉಳಿದಿದೆ. ಮೊದಲ ಕೆಲವು ವಾರ ಇದು ಸಹಜ, ತಿಂಗಳು ದಾಟಿದರೆ ಚಿಕಿತ್ಸೆ ಬೇಕು. ನಮ್ಮ ಭಾವನಿಗೂ ಹೀಗೇ ಆಗಿತ್ತು: ಆಟೋದಲ್ಲಿ ಹಿಂದೆ ಕೂತಿದ್ದರೂ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು.

ಮೊದಲು ತಲೆಪೆಟ್ಟಿನ ಅನುಮಾನ ಕಳೆದುಕೊಳ್ಳಿ. ತಲೆನೋವು ಹೆಚ್ಚುತ್ತಿದ್ದರೆ, ವಾಂತಿ, ಮಂಪರು, ಮಾತು ತೊದಲುವುದು ಇದ್ದರೆ ಇವತ್ತೇ ತುರ್ತು ವಿಭಾಗಕ್ಕೆ ಹೋಗಿ. ತಲೆಯೊಳಗಿನ ರಕ್ತಸ್ರಾವ ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಬರೀ ಸಿಡುಕು, ಮರೆವು ಇದ್ದರೆ ಅದು ಪೆಟ್ಟಿನದೋ ಮನಸ್ಸಿನದೋ ಇಲ್ಲಿಂದ ಹೇಳಲಾಗದು, ಡಾಕ್ಟರೇ ನೋಡಬೇಕು.

ಆಮೇಲೆ ಡಿಸ್ಚಾರ್ಜ್ ಸಮ್ಮರಿ ಸಮೇತ ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಕಾಲುನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ ಅದನ್ನೂ ಹೇಳಿ. ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ; ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ನಿದ್ದೆ ಬರಲಿ ಅಂತ ಮದ್ಯ ಕುಡಿಯಲು ಬಿಡಬೇಡಿ. "ಧೈರ್ಯ ತಗೋ" ಅಂತ ಬೈಕಿನ ಕೀ ಕೈಗಿಡಲೂಬೇಡಿ, ಡಾಕ್ಟರು ಹೇಳಿದಾಗ ಓಡಿಸಲಿ. ಸಾಯುವ ಮಾತೇನಾದರೂ ಆಡಿದರೆ ಒಬ್ಬನೇ ಇರಲು ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.