ಪಕ್ಕದ ಮನೆಯವರು ಕೊಟ್ಟ ಪೂಜೆಯ ಪ್ರಸಾದವನ್ನು ಕ್ರೈಸ್ತರು ತಿನ್ನಬಹುದೇ?

ಹೆಚ್ಚುಕಡಿಮೆ ಇದೇ ಪ್ರಶ್ನೆ ಮೊದಲ ಶತಮಾನದಲ್ಲಿ ಗ್ರೀಸಿನ ಕೊರಿಂಥ ಪಟ್ಟಣದಲ್ಲೂ ಎದ್ದಿತ್ತು. ಗುಡಿಯಲ್ಲಿ ಬಲಿಕೊಟ್ಟ ಪ್ರಾಣಿಯ ಮಾಂಸ ಅಲ್ಲಿನ ಪೇಟೆಗೂ ಬರುತ್ತಿತ್ತು. ಅದನ್ನು ಕೊಳ್ಳಬಹುದೇ, ಉಣ್ಣಬಹುದೇ ಎಂದು ಅಲ್ಲಿನ ಕ್ರೈಸ್ತ ಸಭೆಯಲ್ಲಿ ಜಗಳ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೇ ಅಧ್ಯಾಯಗಳಲ್ಲಿ ಅಪೊಸ್ತಲ ಪೌಲ ಇದನ್ನು ಸಂದರ್ಭಕ್ಕೆ ತಕ್ಕಂತೆ ಬಿಡಿಸುತ್ತಾನೆ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಉಣ್ಣಿ. ಆದರೆ ಇದು ದೇವರಿಗೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಟ್ಟುಬಿಡಿ. ಪೂಜೆಯ ಪಂಕ್ತಿಯಲ್ಲೇ ಕೂರುವುದಂತೂ ಬೇಡವೇ ಬೇಡ (10:21).

ಈಗ ನಿಮ್ಮ ವಿಷಯ. ಸತ್ಯನಾರಾಯಣ ಪೂಜೆ ಮುಗಿಸಿ ದೊನ್ನೆಯಲ್ಲಿ ಸಪಾದ ತರುವವರು ಪ್ರಸಾದ ಎಂದು ಹೇಳಿಯೇ ಕೊಡುತ್ತಾರೆ. ಹಾಗಾಗಿ ಪೌಲನ ಮಾತನ್ನು ಇದ್ದಂತೆ ತೆಗೆದುಕೊಂಡರೆ ಬೇಡ ಎನ್ನಬೇಕಾಗುತ್ತದೆ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಎನ್ನುವ ಅಪೊಸ್ತಲರ ಕೃತ್ಯಗಳು 15:29 ಕೂಡ ಅದೇ ಕಡೆಗಿದೆ. ಆಹಾರದಿಂದ ನಾವು ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ ಎನ್ನುವ ಪೌಲನ ಅದೇ ಪತ್ರಿಕೆಯ 8:8ನ್ನು ಹಿಡಿದು, ನೆರೆಯವರ ಪ್ರೀತಿ ಎಂದಷ್ಟೇ ಸ್ವೀಕರಿಸುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಕಾಣುತ್ತದೆ. ಆದರೆ ಪಕ್ಕದ ಮನೆಯಿಂದ ಬಂದ ಯುಗಾದಿಯ ಒಬ್ಬಟ್ಟಿಗೆ, ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಈ ನಿಯಮ ಎಳೆದು ತರುವುದು ಅತಿಯಾಯಿತು. ಅಲ್ಲಿ ಕೇಳದೆ ತಿನ್ನಿ ಎಂಬುದೇ ಪೌಲನ ಸಲಹೆ.

ಪ್ರಸಾದ ಬೇಡವೆನಿಸಿದರೆ ಬಾಗಿಲಲ್ಲೇ ಕೈಮುಗಿದು, ನಗುಮುಖದಿಂದ ಹೇಳಿಬಿಡಿ. ಇಸಿದುಕೊಂಡು ಆಮೇಲೆ ಕಸದ ಬುಟ್ಟಿಗೆ ಹಾಕುವವರನ್ನು ಕಂಡಿದ್ದೇನೆ. ಅದಕ್ಕೆ ಬೈಬಲಿನ ಯಾವ ವಚನದ ಆಧಾರವೂ ಇಲ್ಲ.