ರಾಯಚೂರಿನಲ್ಲಿ ಎರಡು ನದಿ, ಚಿನ್ನದ ಗಣಿ, ವಿದ್ಯುತ್ ಸ್ಥಾವರ ಎಲ್ಲ ಇದ್ದರೂ ಜನ ಯಾಕೆ ಗುಳೆ ಹೋಗುತ್ತಾರೆ?

ಊರಲ್ಲಿ ಕೆಲಸವೇ ಇಲ್ಲ ಅಂತಲ್ಲ, ವರ್ಷಪೂರ್ತಿ ಇರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು, ಮಾನ್ವಿ ಕಡೆ ಭತ್ತ ಬೆಳೆಯುತ್ತಾರೆ. ಲಿಂಗಸುಗೂರು, ಮಸ್ಕಿ, ದೇವದುರ್ಗದ ಎಷ್ಟೋ ಊರುಗಳು ಇನ್ನೂ ಮಳೆಯನ್ನೇ ನಂಬಿವೆ. ಅಲ್ಲಿ ತೊಗರಿ, ಜೋಳದ ರಾಶಿ ಮುಗಿದರೆ ಮುಂಗಾರಿನವರೆಗೆ ಹೊಲದಲ್ಲಿ ಕೂಲಿ ಸಿಗುವುದು ಕಷ್ಟ. ಭತ್ತದ ಸೀಮೆಯಲ್ಲೂ ಕೊಯ್ಲಿಗೆ ಈಗ ಮಷೀನ್ ಬಂದಿದೆ.

ಹಟ್ಟಿ ಗಣಿ, ಶಕ್ತಿನಗರ ಇವೆ ಅಲ್ವಾ ಅನ್ನಬಹುದು. ಶಕ್ತಿನಗರದ ಸ್ಥಾವರ 1,720 ಮೆಗಾವ್ಯಾಟ್‌ನದು, ದೊಡ್ಡದೇ. ಆದರೆ ಇಂಥ ಕಡೆ ಬಂಡವಾಳ ಜಾಸ್ತಿ, ಆಳು ಕಮ್ಮಿ.

ನನ್ನ ಪ್ರಕಾರ ನಿಜವಾದ ಕಗ್ಗಂಟು ಇರುವುದು ಮುಂಗಡದಲ್ಲಿ. ಉದ್ಯೋಗ ಖಾತ್ರಿ ಕೂಲಿ ಕೆಲಸ ಮಾಡಿದ ಮೇಲೆ ಬ್ಯಾಂಕಿಗೆ ಬರುತ್ತದೆ, ಅದೂ ಎಷ್ಟೋ ಸಲ ತಡವಾಗಿ. ಆಳುಗಳನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ ಹಾಗಲ್ಲ, ಮನೆ ಬಾಗಿಲಿಗೇ ಬಂದು ಮೊದಲೇ ಕೈಗೆ ದುಡ್ಡು ಕೊಡುತ್ತಾನೆ. ಬೀಜ-ಗೊಬ್ಬರದ ಸಾಲ, ಮದುವೆ ಖರ್ಚು ಅದರಲ್ಲೇ ಹೋಗುತ್ತದೆ. ಆಮೇಲೆ ಗಂಡ-ಹೆಂಡತಿ ಇಬ್ಬರೂ ಮಕ್ಕಳನ್ನು ಮುದುಕರ ಹತ್ತಿರ ಬಿಟ್ಟು, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯೋಕೋ ಹೋಗಿ ಆ ಮುಂಗಡ ತೀರಿಸಬೇಕು. ತೀರುವ ಹೊತ್ತಿಗೆ ಮತ್ತೆ ಬಿತ್ತನೆ ಬಂದಿರುತ್ತದೆ, ಮತ್ತೆ ಸಾಲ.